ಗೊಂಬೆ ಮನೆಯ ಆರು ಬಲ್ಬು

ಶುಕ್ರವಾರ, ಹದಿನಾಲ್ಕು.

ಇನ್ನೂ ಮೈ ಉರೀತಿದೆ. ಮೂರು ವಾರ ಕೂತು ಮಗಳ ಗೊಂಬೆ ಮನೆಗೆ ಲೈಟು ಹಾಕಿದ್ದೆ. ಅಕ್ಕಿ ಕಾಳಿನಷ್ಟೇ ಇರೋ ಬಲ್ಬು, ಕೋಣೆಗೊಂದರಂತೆ ಆರು. ಕೂದಲಿನಂಥ ವೈರನ್ನು ಗೋಡೆಯ ಬಣ್ಣದ ಕಾಗದದ ಹಿಂದೆ ಅಡಗಿಸಿ ಅಂಟಿಸಿದ್ದೆ. ಎರಡು ಸೆಲ್ಲಿನ ಮೂರು ವೋಲ್ಟೇ ಸಾಕಿತ್ತು.

ಸಂಜೆ ಇವರು ಕೆಲಸದಿಂದ ಬಂದರು. ಎಲೆಕ್ಟ್ರಿಷಿಯನ್ ಅಲ್ವಾ, ಕೈ ಸುಮ್ಮನಿರುತ್ತಾ? “ಸೆಲ್ಲಲ್ಲಿ ಏನು ಬೆಳಕು ಬರುತ್ತೆ, ಬಿಡೇ” ಅಂತ ಚೀಲದಿಂದ ಹನ್ನೆರಡು ವೋಲ್ಟಿನ ಅಡಾಪ್ಟರ್ ತೆಗೆದು ಸಿಕ್ಕಿಸಿಯೇಬಿಟ್ಟರು. ನಾನು ಬೇಡ ಅನ್ನೋದರೊಳಗೆ ಆರೂ ಫಳ್ ಅಂತ ಹೊತ್ತಿ ಸತ್ತುಹೋದವು. ಮೇಲಿಂದ, “ಆಟದ ಸಾಮಾನಿಗೆ ಇಷ್ಟು ಸಿಟ್ಟಾ?” ಅಂತ ನನ್ನನ್ನೇ ಕೇಳ್ತಾರೆ ಮಹಾರಾಯರು!

ಊರಿಗೆ ಉಪಕಾರಿ, ಮನೆಗೆ ಮಾರಿ. ನಮ್ಮ ಅಡುಗೆಮನೆಯ ಲೈಟಿನ ವೈರು ಸುಟ್ಟುಹೋಗಿ ನಾಲ್ಕು ತಿಂಗಳಾಯ್ತು. ಕೇಳಿದಾಗಲೆಲ್ಲ “ಭಾನುವಾರ ನೋಡೋಣ” ಅಂತಾರೆ. ಎಷ್ಟು ಭಾನುವಾರ ಹೋದವೋ! ನಾನು ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಅಡುಗೆ ಮಾಡ್ತೀನಿ.

ಮಗಳು ಅಳಲಿಲ್ಲ. ಗೊಂಬೆ ಅಮ್ಮನನ್ನು ಕತ್ತಲೆ ಅಡುಗೆಮನೆಯಲ್ಲಿ ನಿಲ್ಲಿಸಿ, ಅದರ ಕೈಗೆ ಬೆಂಕಿಕಡ್ಡಿಯ ತುಂಡೊಂದನ್ನು ಸಿಕ್ಕಿಸಿದಳು.

“ಪರವಾಗಿಲ್ಲ ಬಿಡಮ್ಮ, ಇವಳಿಗೂ ಟಾರ್ಚು ಕೊಟ್ಟಿದ್ದೀನಿ” ಅಂದಳು.

ಇವರು ನಗೋಕೆ ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡರು.