ಅಂಚು ಕಟ್ಟದ ಮೊರ

ಸಂತೆ ವರ್ಷ ನೂರಾ ಅರವತ್ತೊಂದು, ಚಿಗುರು ತಿಂಗಳ ಇಪ್ಪತ್ತೇಳನೆಯ ದಿನ.

ನನ್ನಜ್ಜಿಯ ಅಜ್ಜಿಯ ಅಜ್ಜಿ, ಮೇದರ ಓಣಿಯ ನಿಂಬೆವ್ವ ಆಯಿಯ ಪಾದಗಳಿಗೆ ಕೇತಪ್ಪನ ಶರಣು. ನಿನ್ನ ಕಾಲಕ್ಕೆ ಇನ್ನೂ ಹುಟ್ಟದ ಮಾತುಗಳು ಈ ಪತ್ರದಲ್ಲಿ ಬರುತ್ತವೆ; ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಸಂತೆಯ ಕಥೆಗಾರ. ಕೊನೆಯ ಸಾಲಿನವರಿಗೂ ಕೇಳುವಂತೆ ಹೇಳಿ ರೂಢಿ, ಮೆಲ್ಲಗೆ ಬರೆಯಲು ಬಾರದು.

ಕೇಳು ಆಯಿ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ ನೀವು ಐದು ಮಂದಿ ಹೆಂಗಸರು ಚಾಪೆ ಹಾಸಿ ಹೂಡಿದ ಬುಟ್ಟಿ ಸಂತೆ ಸತ್ತಿಲ್ಲ, ಬೆಳೆದಿದೆ. ಹನ್ನೆರಡು ದ್ವಾರ, ಕಲ್ಲಿನ ಮೆಟ್ಟಿಲು, ದೇಶ ದೇಶದ ಜನ. ಅವರನ್ನು ನೋಟಗಾರರು ಅನ್ನುತ್ತೇವೆ, ಯಾಕೆಂದರೆ ಅವರು ಕೊಳ್ಳುವುದಿಲ್ಲ, ನೋಡುತ್ತಾರೆ. ಕೊಳ್ಳಲು ಏನೂ ಇಲ್ಲ. ಬೆಳಿಗ್ಗೆ ನಲವತ್ತು ಜನ ಹೆಣೆಯಲು ಕೂರುತ್ತೇವೆ. ಸಂಜೆ ಬಿಚ್ಚುಗಂಟೆ ಹೊಡೆಯುತ್ತದೆ. ಹೆಣೆದದ್ದನ್ನೆಲ್ಲ ಬಿಚ್ಚಿ, ಬಿದಿರ ಸೀಳುಗಳನ್ನು ನೀರಿನ ತೊಟ್ಟಿಯಲ್ಲಿ ನೆನೆಹಾಕಿ ಮನೆಗೆ ಹೋಗುತ್ತೇವೆ. ನಾಳೆ ಅವೇ ಸೀಳು, ಅದೇ ಬುಟ್ಟಿ. ಕಾಡಿನ ಒಂದು ಗಳವನ್ನೂ ಕಡಿಯುವಂತಿಲ್ಲ. ಭೂಮಿಗೆ ಭಾರವಾಗದ ಸಂತೆ ಎಂದು ದ್ವಾರದ ಮೇಲೆ ಕೆತ್ತಿಸಿದ್ದಾರೆ. ನಾಟಕದಲ್ಲಿ ದಿನಾ ಸಾಯುವ ರಾಜನಾದರೂ ಬಣ್ಣ ಒರೆಸಿಕೊಂಡು ಊಟಕ್ಕೆ ಏಳುತ್ತಾನೆ. ನಮ್ಮ ಬುಟ್ಟಿ ಹುಟ್ಟುವ ಮೊದಲೇ ಸಾಯುತ್ತದೆ.

ಸಂಜೆ ಬಿಚ್ಚುವುದಕ್ಕೆ ಅಂಚು ಯಾಕೆ ಕಟ್ಟಬೇಕು? ನನ್ನಪ್ಪ ಕಟ್ಟಲಿಲ್ಲ. ಅವನ ಅಜ್ಜನಿಗೆ ಅರ್ಧ ನೆನಪಿತ್ತಂತೆ. ಇವತ್ತು ನಲವತ್ತು ಜೋಡಿ ಕೈಗಳಲ್ಲಿ ಒಂದಕ್ಕೂ ಮೊರದ ಅಂಚು ಕಟ್ಟಿ ಮುಗಿಸಲು ಬಾರದು.

ನನ್ನ ಮಗಳು ನೀಲಗಂಗಾ ಈಗ ಎಂಟು ತಿಂಗಳ ಬಸುರಿ. ಹುಟ್ಟಿದ ಕೂಸನ್ನು ಮೊದಲು ಮೊರದಲ್ಲಿ ಮಲಗಿಸುವ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಅವಳು ಹುಟ್ಟಿದಾಗ ಮಲಗಿಸಿದ್ದ, ಅಂಚು ಕಟ್ಟಿದ್ದ ಹಳೇ ಮೊರವನ್ನು ಹುಳ ತಿಂದು ಪುಡಿಮಾಡಿತು. ಅದು ಗಟ್ಟಿಯಾಗಿದ್ದಷ್ಟು ದಿನ ಅಂಚನ್ನು ಬಿಡಿಸಿ ನೋಡಲಿಲ್ಲ ನಾನು, ಅದರ ಕಥೆ ಹೇಳುತ್ತ ತಿರುಗಿದೆ. ಈ ವಾರ ಹದಿನೇಳು ಮೊರ ಹೆಣೆದೆ, ಹದಿನೇಳೂ ಅಂಚಿನಲ್ಲಿ ಬಾಯಿ ಬಿಟ್ಟವು. "ಅಪ್ಪಾ, ಕೂಸನ್ನ ನಿನ್ನ ಕಥಿಯೊಳಗ ಮಲಗಸಲೇನು?" ಅಂದಳು. ಸಾವಿರ ಜನರೆದುರು ಗರ್ಜಿಸುವ ನಾನು ಹದಿನೇಳನೆಯದನ್ನೂ ಬಿಚ್ಚಿ ಸೀಳುಗಳನ್ನು ನೆನೆಹಾಕಿದೆ.

ಆಯಿ, ಬಿದಿರ ಮೆಳೆಗಳೆಲ್ಲ ಹೂ ಬಿಟ್ಟು ಒಣಗುವ ವರ್ಷವೊಂದು ಬರುತ್ತದೆ. ಒಂದೇ ವರ್ಷ ಬಿಚ್ಚಿ ಹೆಣೆಯೋಣ, ಎಳೆ ಮೆಳೆ ಉಳಿಯಲಿ ಎಂದು ಸಂತೆಯ ಸಭೆಯಲ್ಲಿ ಮೊದಲು ಕೈ ಎತ್ತುವವಳು ನೀನು. ಅದು ತಪ್ಪಲ್ಲ. ಮೆಳೆ ಮತ್ತೆ ಬೆಳೆದು ಕಾಡಾಯಿತು. ಆ ಒಂದು ವರ್ಷ ಮಾತ್ರ ಮುಗಿಯಲಿಲ್ಲ.

ಕೈ ಎತ್ತಬೇಡ ಅನ್ನಲಾರೆ. ಅವತ್ತು ಮನೆಗೆ ಹೋಗಿ ಒಂದೇ ಒಂದು ಮೊರ ಹೆಣೆ. ಅಂಚಿನ ಕೊನೆಯ ಗೇಣನ್ನು ಕಟ್ಟದೆ ಬಿಡು, ನಿನ್ನ ಬೆರಳು ಹೇಗೆ ತಿರುಗಿತೆಂದು ನಮಗೆ ಕಾಣಲಿ. ಒಲೆಯ ಮೇಲಿನ ಅಟ್ಟದಲ್ಲಿ ಇಡು. ಹೊಗೆ ಕುಡಿದ ಬಿದಿರನ್ನು ಹುಳ ಮುಟ್ಟುವುದಿಲ್ಲ. ನಿನ್ನ ಮನೆ ಇನ್ನೂ ನಿಂತಿದೆ, ನಾವು ಅದರಲ್ಲೇ ಇದ್ದೇವೆ.

ಈ ಪತ್ರವನ್ನು ಆ ಅಟ್ಟದ ಮೇಲೆ ಕೂತೇ ಬರೆಯುತ್ತಿದ್ದೇನೆ, ಆಯಿ. ನೀನಿಟ್ಟ ಮೊರ ಸಿಕ್ಕೀತೆಂದು ಮೂಲೆ ಮೂಲೆ ತಡವಿದ್ದಾಯಿತು. ಏನೂ ಇಲ್ಲ. ಏಣಿಯ ಬುಡದಲ್ಲಿ ನೀಲಗಂಗಾ ನಿಂತಿದ್ದಾಳೆ, ಸಿಕ್ತೇನಪಾ ಅಂತ ಎರಡು ಸಲ ಕೇಳಿದಳು. ಇನ್ನು ಇಳಿಯಬೇಕು.