ನಲವತ್ತಮೂರನೆಯ ಪುಟ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಮಾವನಿಗೆ ನಮಸ್ಕಾರ.

ನಿನ್ನೆಯ ಸನ್ಮಾನದ ದಣಿವಿನಲ್ಲಿ ನೀವಿನ್ನೂ ಮಲಗಿದ್ದೀರಿ. ನಿಮ್ಮೆದುರು ನಿಂತರೆ ನನಗೆ ಬಾಯಿ ಕಟ್ಟುತ್ತದೆ. ಮೂಗಿ ಎಂದು ಹೆಸರಿಟ್ಟವರೂ ನೀವೇ ಅಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ.

ಪುಸ್ತಕ ಎಲ್ಲರಿಗೂ ಹಿಡಿಸಿತು. "ಸಾಹಿತ್ಯ ಓದಿ ಮನೇಲಿ ಕೂತಿದೀಯಲ್ಲ, ನನ್ನ ಯುದ್ಧದ ಕಥೆನಾದ್ರೂ ಬರ್ಕೊಡು. ಆದ್ರೆ ಒಂದಕ್ಷರಾನೂ ನಿಂದು ಸೇರಿಸ್ಬಾರ್ದು" ಅಂದಿದ್ದಿರಿ. ಸೇರಿಸಲಿಲ್ಲ. ನೀವು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಪ್ರತಿ ಪುಟದ ಕೆಳಗೂ ನಿಮ್ಮ ಸಹಿ ಹಾಕಿಸಿಕೊಂಡೆ.

ನಲವತ್ತೊಂದನೆಯ ಪುಟದ ಪ್ರಕಾರ ಬಂಕರಿನಲ್ಲಿ ಇದ್ದದ್ದು ಇಬ್ಬರೇ: ನೀವು, ನಿಮ್ಮ ತಂಗಿಯ ಗಂಡ. ಅಂದರೆ ನನ್ನ ಅಪ್ಪ. ಶೆಲ್ ಬಿದ್ದು ಫೋನಿನ ತಂತಿ ಹರಿಯಿತು. ಅಪ್ಪ ಹೆದರಿ ಓಡಿಹೋದರು. ನೀವು ಮುನ್ನೂರು ಗಜ ತೆವಳಿಕೊಂಡು ಹೋಗಿ, ಹಲ್ಲಿನಿಂದ ತಂತಿಯ ಸಿಪ್ಪೆ ಸುಲಿದು ಜೋಡಿಸಿದಿರಿ. ಅದಕ್ಕೇ ನಿಮಗೆ ಶೌರ್ಯ ಪದಕ ಬಂತು. ಎರಡು ದಿನದ ಮೇಲೆ ಬಯಲಿನಲ್ಲಿ ಸಿಕ್ಕ ಅಪ್ಪನಿಗೆ ಒಂದು ಕಿವಿ ಹೋಗಿತ್ತು, ಮುಂದಿನ ಹಲ್ಲು ಮುರಿದಿತ್ತು. ಅವರ ಕಡತದಲ್ಲಿ 'ಕಾವಲು ಬಿಟ್ಟು ಓಡಿಹೋದವ' ಎಂದು ಬರೆದರು. ಅಮ್ಮ ಅಣ್ಣನ ಮಾತನ್ನೇ ನಂಬಿ, ನನ್ನನ್ನು ಎತ್ತಿಕೊಂಡು ನಿಮ್ಮ ಮನೆಗೆ ಬಂದುಬಿಟ್ಟಳು.

ನಿಮ್ಮ ಪದಕದ ಗಾಜು ಒರೆಸುತ್ತಲೇ ನಾನು ಬೆಳೆದೆ. ನೆಂಟರು ಬಂದಾಗ ಅತ್ತೆ, "ಇವ್ಳಾ? ಓಡಿಹೋದೋನ ಮಗ್ಳು. ಕೆಲ್ಸಕ್ಕೆ ಕರೆದ್ರೆ ಮಾತ್ರ ಓಡಿ ಬರಲ್ಲ ನೋಡಿ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ನೀವೂ ನಗುತ್ತಿದ್ದಿರಿ. ನನಗೆ ಹೆಚ್ಚು ನೆನಪಿರುವುದು ನಿಮ್ಮ ನಗು.

ಈಗ ನಲವತ್ತಮೂರನೆಯ ಪುಟ ತೆಗೆಯಿರಿ. ಅದನ್ನು ಬರೆಸುವಾಗ ನೀವು ಕಣ್ಣು ಮುಚ್ಚಿಕೊಂಡಿದ್ದಿರಿ. "ಒಂದು ಗಂಟೆಯಿಂದ ರಿಸೀವರ್ ಕಿವಿಗೆ ಒತ್ಕೊಂಡು ಬಂಕರ್ ಮೂಲೇಲಿ ಕೂತಿದ್ದೆ ಕಣೇ. ಹೆಣದ ಥರ ತಣ್ಣಗಿತ್ತು. ಇದ್ದಕ್ಕಿದ್ದಂಗೆ ಚರ್ ಅಂತು. ನನ್ನ ಕೈಯಲ್ಲೇ ಅದಕ್ಕೆ ಜೀವ ಬಂತು!"

ಹೇಳುತ್ತಾ ನಿಮ್ಮ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು. ಇಡೀ ಪುಸ್ತಕದಲ್ಲಿ ನೀವು ನಿಜವಾಗಿ ಅನುಭವಿಸಿದ್ದು ಅದೊಂದೇ ಇರಬೇಕು ಮಾವ. ತಂತಿ ಕೂಡಿದ ಗಳಿಗೆಯಲ್ಲಿ ನೀವು ಬಂಕರಿನೊಳಗೆ ಕೂತಿದ್ದಿರಿ. ಹಾಗಾದರೆ ಆಚೆ ಬಯಲಿನಲ್ಲಿ ತಂತಿ ಜೋಡಿಸಿದವರು ಯಾರು? ಇದ್ದದ್ದು ಇಬ್ಬರೇ.

ಪ್ರೂಫ್ ತಿರುವಿಹಾಕುತ್ತಾ, "ಏನಾದ್ರೂ ತಪ್ಪಿದೆಯೇನೇ ಮೂಗಿ?" ಎಂದು ಕೇಳಿದಿರಿ. ಒಂದೂ ಇಲ್ಲ ಮಾವ, ಅಂದೆ. ನಿಮ್ಮೊಂದಿಗೆ ಆಡಿದ ಮಾತುಗಳಲ್ಲೆಲ್ಲ ನನಗೆ ಸುಖ ಕೊಟ್ಟದ್ದು ಅದೊಂದೇ.

ನಿನ್ನೆ ನಿಮ್ಮ ಸಿಗ್ನಲ್ ದಳದ ಹಳಬರೆಲ್ಲ ಒಂದೊಂದು ಪ್ರತಿ ಒಯ್ದರು. ಜೀವಮಾನವಿಡೀ ತಂತಿ ಎಳೆದವರು ಅವರು. ತಂತಿಯ ಎರಡೂ ತುದಿಯಲ್ಲಿ ಒಬ್ಬನೇ ಇರಲಾರ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪದಕ ಕೊಟ್ಟ ಕಚೇರಿಗೆ ನಿಮ್ಮ ಸಹಿಯಿರುವ ಹಸ್ತಪ್ರತಿಯನ್ನೇ ಕಳಿಸಿದ್ದೇನೆ, ಅಪ್ಪನ ಹೆಸರಿನಿಂದ ಆ ಕಳಂಕ ತೆಗೆಯಿರೆಂಬ ಅರ್ಜಿಯೊಂದಿಗೆ. ಇವತ್ತಿನಿಂದ ಫೋನುಗಳು ಬರತೊಡಗುತ್ತವೆ. ನೀವೇ ಎತ್ತಿಕೊಳ್ಳಿ.

ಇತಿ,
ನಿಮ್ಮ ಸೋದರಸೊಸೆ

ತಾ.ಕ.: ಅಮ್ಮನನ್ನು ಹುಡುಕಬೇಡಿ. ನಿನ್ನೆ ಸಂಜೆಯೇ ಪುಸ್ತಕ ಓದಿದಳು. ಈಗಷ್ಟೇ ಬಟ್ಟೆ ಕಟ್ಟಿಕೊಂಡು ಅಪ್ಪನ ರೇಡಿಯೊ ರಿಪೇರಿ ಅಂಗಡಿಗೆ ಹೊರಟುಹೋದಳು. ನಾನೂ ಚಪ್ಪಲಿ ಮೆಟ್ಟಿದ್ದೆ. ಬಾಗಿಲಲ್ಲಿ ತಡೆದು, ನಿನಗಿದು ಯಾವಾಗಿನಿಂದ ಗೊತ್ತು ಎಂದಳು. ಒಂದು ವರ್ಷದಿಂದ, ಪುಸ್ತಕ ಎಲ್ಲರ ಕೈ ಸೇರಲಿ ಅಂತ ಕಾದೆ, ಅಂದೆ. "ಇಪ್ಪತ್ತೆರಡು ವರ್ಷ ಸಾಲ್ದು ಅಂತ ಅವ್ರನ್ನ ಇನ್ನೊಂದು ವರ್ಷ ನೀನೇ ಕಾಯಿಸಿದ್ಯಾ?" ಅಂದಳು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಈ ಪತ್ರವನ್ನು ನಿಮ್ಮ ಮನೆಯಲ್ಲೇ ಕೂತು ಬರೆದಿದ್ದೇನೆ.