ಎಮ್ಮೆಗೆ ಬಾಯಿ ಬರಿಸಿದ್ದು

ಮಾರ್ಚ್ ೩, ಬೆಳಿಗ್ಗೆ ೬.೪೦

ಕುತ್ತಿಗೆಯ ಟ್ಯೂಬ್ ತೊಳೆದಾಯಿತು. ಬಿಸಿನೀರು ಕುಡಿದಾಯಿತು. ಎಮ್ಮೆಯನ್ನು ಮೇಜಿನ ಮೇಲೆ ಎತ್ತಿಟ್ಟೆ — ಮೂರೂವರೆ ಕಿಲೋ, ಹಿಡಿ ಸಮೇತ. ನಾನು ಕೆಲಸ ಮಾಡುವ ಯಾರ್ಡಿನವರು ಕೊಟ್ಟ ಹನ್ನೊಂದು ವರ್ಷದ ಲ್ಯಾಪ್‌ಟಾಪ್. ಕ್ರೇನಿನ ಮೆಟ್ಟಿಲಿನಿಂದ ಎರಡು ಸಲ ಬಿದ್ದಿದೆ. ಒಂದು ಸಲ ಸಿಮೆಂಟ್ ನೀರಿನಲ್ಲಿ ಮುಳುಗಿದೆ. ಒಂದು ಮೂಲೆ ಸವೆದಿದೆ, ಅಷ್ಟೇ. ನನಗಿಂತ ಗಟ್ಟಿ ಪಿಂಡ.

ಇವತ್ತು ಅಪ್‌ಗ್ರೇಡ್. ಹಳೇ ಸಿಸ್ಟಮ್ ಇರುವ ಯಂತ್ರಗಳನ್ನು ಯಾರ್ಡಿನ ನೆಟ್‌ವರ್ಕಿಗೆ ಇನ್ನು ಬಿಡುವುದಿಲ್ಲವಂತೆ. ೧೭ಕ್ಕೆ ನನ್ನ ಟೆಸ್ಟ್. ಪಾಸಾದರೆ ಮತ್ತೆ ಕ್ರೇನಿನ ಕೆಳಗೆ ನಿಂತು ಸಿಗ್ನಲ್ ಕೊಡುವ ಕೆಲಸ. ಫೇಲಾದರೆ ಸ್ಟೋರ್ ರೂಮ್, ನಟ್ಟು ಬೋಲ್ಟು ಎಣಿಸುತ್ತ ಕೂರುವುದು. ಇಪ್ಪತ್ತಾರು ವರ್ಷ ಗಂಟಲು ಹರಿದುಕೊಂಡವನಿಗೆ ಸ್ಟೋರ್ ರೂಮ್! ಗಂಟಲು ಹರಿದೇ ಹೋಯಿತು, ಅದು ಬೇರೆ ಮಾತು.

ಮೂವತ್ತನಾಲ್ಕು ಪರ್ಸೆಂಟ್ ಅಂತ ತೋರಿಸುತ್ತಿದೆ. ಅರ್ಧ ಗಂಟೆಯಿಂದ ಮೂವತ್ತನಾಲ್ಕೇ.

ಇವಳು ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತು, "ಅದ್ರ ಮುಂದೆ ಕಾವಲು ಕೂತ್ರೆ ಬೇಗ ಆಗುತ್ತೇನ್ರೀ? ಎದ್ದು ತಿಂಡಿ ತಿನ್ನಿ," ಅಂದಳು.

ಸಂಜೆ

ಆಯಿತು. ಪರದೆಯ ಮೇಲೆ ಚೆಂದದ ನೀಲಿ ಬೆಟ್ಟ. ಮಿಕ್ಕಿದ್ದೆಲ್ಲ ಮಟಾಶ್. ಟಚ್ ಇಲ್ಲ. ಸೌಂಡ್ ಇಲ್ಲ. ಪರದೆಯ ಕೆಳಗಿನ ಆರು ಗುಂಡಿಗಳಲ್ಲಿ ಒಂದಕ್ಕೂ ಜೀವವಿಲ್ಲ.

ಆ ಆರು ಗುಂಡಿಗಳೇ ನನ್ನ ಬಾಯಿ. ನವೆಂಬರಿನಲ್ಲಿ ಆಪರೇಷನ್ನಿಗೆ ಮುಂಚೆ ಡಾಕ್ಟರು ಹೇಳಿದ್ದರು, ಬೇಕಾದ ಮಾತು ಈಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ಧ್ವನಿ ಇರಲ್ಲ ಅಂತ. ಆರು ಸಂಜೆ ಕೂತು ನೂರಹನ್ನೆರಡು ಮಾತು ರೆಕಾರ್ಡ್ ಮಾಡಿದೆವು. ಅಷ್ಟೂ ಯಾರ್ಡಿನವೇ! ಮನೆಯಲ್ಲಿ ಆಡಲು ಒಂದು ಮಾತು ಬೇಕಾದೀತು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮೊದಲ ಗುಂಡಿ ಎ-ಒಂದು, ಅದನ್ನು ಒತ್ತಿದರೆ "ನಿಲ್ಲಿಸು". ಎ-ಎರಡು "ನಿಧಾನ". ಮೂರು, ನಾಲ್ಕು ಎಡ, ಬಲ. ಐದು, ಆರು ಇಳಿಸು, ಎತ್ತು. ಎಮ್ಮೆಯಿಂದ ವೈರು ರೇಡಿಯೋಗೆ, ರೇಡಿಯೋದಿಂದ ಮೇಲೆ ಕ್ರೇನಿನ ಕ್ಯಾಬಿನ್ನಿಗೆ.

ಫೈಲುಗಳು ಪೆನ್‌ಡ್ರೈವಿನಲ್ಲಿ ಭದ್ರವಾಗಿವೆ. ಇವಳ ಫೋನಿನಲ್ಲಿ ಹಾಕಿದರೆ ಮಾತಾಡುತ್ತವೆ. ಆದರೆ ಆ ಫೋನು ಗ್ಲೌಸ್ ಹಾಕಿದ ಬೆರಳಿಗೆ ಜಪ್ಪಯ್ಯ ಅಂದರೂ ಓಗೊಡುವುದಿಲ್ಲ. ಬಿಸಿಲಿನಲ್ಲಿ ಪರದೆಯೂ ಕಾಣದು. ನನಗೆ ಗುಂಡಿಯೇ ಬೇಕು — ನೋಡದೆ ಒತ್ತುವಂಥದ್ದು.

ಡಿವೈಸ್ ಪಟ್ಟಿ ತೆರೆದರೆ ಏಳು ಹಳದಿ ತ್ರಿಕೋನ. ಏಳರ ಮುಂದೆಯೂ "ಅಪರಿಚಿತ ಸಾಧನ". ಹನ್ನೊಂದು ವರ್ಷ ಒಂದೇ ಮೈಯಲ್ಲಿ ಇದ್ದುಕೊಂಡು ಅಪರಿಚಿತವಂತೆ! ನಾಚಿಕೆ ಆಗಬೇಕು.

ಮಾರ್ಚ್ ೫

ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಲ್ಲಿ ಎಮ್ಮೆಯ ಮಾದರಿಯನ್ನು ಮೂಲೆಗೆ ತಳ್ಳಿದ್ದಾರೆ. "ಬೆಂಬಲ ಕೊನೆಗೊಂಡಿದೆ." ಹುಡುಕಿ ಹುಡುಕಿ ಹಳೇ ಡ್ರೈವರುಗಳ — ಎಮ್ಮೆಯ ಒಂದೊಂದು ಭಾಗವನ್ನೂ ನಡೆಸುವ ಪ್ರೋಗ್ರಾಮುಗಳ — ಗಂಟು ಇಳಿಸಿಕೊಂಡೆ. ಇಪ್ಪತ್ತೆರಡು ಫೈಲು. ಮೊದಲು ಟಚ್, ಆಮೇಲೆ ಗುಂಡಿ, ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಹಾಕಿದೆ. ಒಂಬತ್ತು ಸಲ ರೀಸ್ಟಾರ್ಟ್.

ಈಗ ಟಚ್ ಇದೆ. ಎಡಕ್ಕೆ ಮುಟ್ಟಿದರೆ ಬಾಣ ಬಲಕ್ಕೆ ಓಡುತ್ತದೆ. ಗುಂಡಿಗಳು ಹಾಗೇ ಸತ್ತುಬಿದ್ದಿವೆ. ಪಿತ್ತ ನೆತ್ತಿಗೇರಿ ಒಂದು ಗುದ್ದು ಗುದ್ದಿದೆ. ಎಮ್ಮೆಗೇನೂ ಆಗಲಿಲ್ಲ. ನನ್ನ ಕಿರುಬೆರಳು ಊದಿಕೊಂಡಿದೆ.

ಇವಳು ಐಸ್ ತಂದಿಟ್ಟಳು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮಾರ್ಚ್ ೬, ಮಧ್ಯಾಹ್ನ

ಇವಳು ಔಷಧಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುವವಳು. ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ ಚೀಟಿಯನ್ನು ಕೊನೆಯ ಸಾಲಿನ ತನಕ ಓದುವ ಜನ ಪ್ರಪಂಚದಲ್ಲಿ ಯಾರಾದರೂ ಇದ್ದರೆ ಇವಳೊಬ್ಬಳೇ. ಇವತ್ತು ರಜಾ. ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಇದೇನು, ರೀಡ್‌ಮೀ ಅಂತ? ಓದಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ.

"ಓದು ಅಂತ ಹೆಸರೇ ಇಟ್ಟಿದಾರಲ್ರೀ, ಪುಣ್ಯಾತ್ಮ! ಇನ್ನೇನು ಮನೆಗೆ ಬಂದು ಕೈ ಮುಗೀಬೇಕಿತ್ತಾ?"

ಓದಿದಳು. ನಾಲ್ಕು ಪುಟ. ಮೂರನೇ ಪುಟದ ಬುಡದಲ್ಲಿ ಇತ್ತು: ಮೊದಲು ಚಿಪ್‌ಸೆಟ್, ಆಮೇಲೆ ಕಂಪನಿಯ ಕಾಮನ್ ಡ್ರೈವರ್, ಅದಾದ ಮೇಲೆ ಗುಂಡಿ, ಟಚ್ ಕಡೆಗೆ. ಕ್ರಮ ತಪ್ಪಿದರೆ ಎಲ್ಲ ತೆಗೆದು ಮೊದಲಿಂದ.

"ಊಟಕ್ಕೆ ಮುಂಚೆ ತಗೊಳ್ಳೋ ಮಾತ್ರೇನ ಊಟ ಆದ್ಮೇಲೆ ನುಂಗಿ, ಡಾಕ್ಟರ್ ಸರಿ ಇಲ್ಲ ಅಂತಾರಲ್ಲ, ಆ ಗಿರಾಕಿ ನೀವು."

ಎಲ್ಲ ತೆಗೆದೆವು. ಅವಳು ಕ್ರಮ ಹೇಳಿದಳು, ನಾನು ಹಾಕಿದೆ. ಮೂರೂಕಾಲಿಗೆ ಎ-ಒಂದು ಒತ್ತಿದೆ. ಪರದೆಯ ಮೇಲೆ "ನಿಲ್ಲಿಸು" ಫೈಲು ತೆರೆದುಕೊಂಡಿತು! ಸೌಂಡ್ ಇನ್ನೂ ಇಲ್ಲ. ಇರಲಿ. ಅವಳ ಕೆನ್ನೆ ಹಿಂಡಿದೆ. ಕೈ ಕೊಡವಿದಳು — "ಬಿಡಿ, ಬಾಗಿಲು ತೆಗೆದಿದೆ."

ಮಾರ್ಚ್ ೧೦

ಸೌಂಡ್ ಬಂತು. ಬಂತು ಅನ್ನುವುದೇ ನಾಚಿಕೆ. ಎಮ್ಮೆಯ ಸ್ವಂತ ಸೌಂಡ್ ಡ್ರೈವರು ಹೊಸ ಸಿಸ್ಟಮ್ಮಿನಲ್ಲಿ ಕೂರುತ್ತಿಲ್ಲ. ಸಿಸ್ಟಮ್ಮೇ ತಾನಾಗಿ ಯಾವುದೋ ಸಾಧಾರಣ ಡ್ರೈವರು ಹಾಕಿಕೊಂಡಿದೆ. ಅದು ಮೊದಲಕ್ಷರ ನುಂಗುತ್ತದೆ. ಎ-ಒಂದು ಒತ್ತಿದರೆ "...ಲ್ಲಿಸು". ಎರಡು ಒತ್ತಿದರೆ "...ಧಾನ". ಬಿಟ್ಟು ಬಿಟ್ಟು ಒತ್ತಿದಾಗ ಮಾತ್ರ ಹೀಗೆ. ಒಂದರ ಹಿಂದೆ ಒಂದು ಒತ್ತಿದರೆ ಸರಿಯಾಗಿ ಬರುತ್ತದೆ.

ಅಡುಗೆಮನೆಯಿಂದ ಇವಳು: "ನಿಮ್ಮದು ಮೊದಲಿಂದ್ಲೂ ಅರ್ಧ ಮಾತೇ. ಅದಕ್ಯಾಕೆ ಬೈತೀರಾ?"

ನಗು ಬಂತು. ನಕ್ಕರೆ ಈಗ ಕುತ್ತಿಗೆಯಲ್ಲಿ ಬರೀ ಗಾಳಿ. ಅದಕ್ಕೂ ಅವಳು ನಕ್ಕಳು.

ಮಾರ್ಚ್ ೧೨, ಬೆಳಿಗ್ಗೆ ೧೧

ಎಮ್ಮೆಯನ್ನು ಹೊತ್ತುಕೊಂಡು ಯಾರ್ಡಿನ ಸಿಸ್ಟಮ್ಸ್ ಮೇಡಂ ಹತ್ತಿರ ಹೋದೆ. ಅವರ ಮೇಜಿನ ಮೇಲೆ ಬಿಚ್ಚಿದ ಕೀಬೋರ್ಡುಗಳ ರಾಶಿ. ಎಮ್ಮೆಯನ್ನು ನೋಡಿ, "ಅಯ್ಯೋ, ಇದಿನ್ನೂ ಬದುಕಿದೆಯಾ?" ಅಂದರು. ನಾನು ಚೀಟಿಯಲ್ಲಿ ಬರೆದೆ: ಇಬ್ಬರೂ ಬದುಕಿದ್ದೇವೆ.

ಗುಂಡಿ ಒತ್ತಿ ಕೇಳಿದರು. ಮತ್ತೆ ಒತ್ತಿದರು. "ಸೌಂಡ್ ಚಿಪ್ಪು ನಿದ್ದೆ ಹೋಗ್ತಿದೆ. ಹತ್ತು ಸೆಕೆಂಡು ಕೆಲಸ ಇಲ್ದಿದ್ರೆ ಮಲಗಿಬಿಡುತ್ತೆ. ಎದ್ದೇಳೋ ಹೊತ್ತಿಗೆ ಮೊದಲಕ್ಷರ ಹೋಗಿರುತ್ತೆ."

ಮಲಗದ ಹಾಗೆ ಮಾಡಲು ಈ ಡ್ರೈವರಿನಲ್ಲಿ ಸೆಟ್ಟಿಂಗ್ ಇಲ್ಲ. ಮೇಡಂ ಕೆನ್ನೆಗೆ ಪೆನ್ನು ಬಡಿದುಕೊಳ್ಳುತ್ತ ಕೂತರು. ಆಮೇಲೆ ಏನೂ ಸದ್ದಿಲ್ಲದ ಹತ್ತು ನಿಮಿಷದ ಫೈಲೊಂದು ಮಾಡಿ, ಹಿಂದಿನಿಂದ ಸುತ್ತಿ ಸುತ್ತಿ ಓಡುವಂತೆ ಇಟ್ಟರು. ಈಗ ಚಿಪ್ಪು ಯಾವಾಗಲೂ ಏನನ್ನೋ ನುಡಿಸುತ್ತಿದ್ದೇನೆ ಎಂದುಕೊಂಡು ಎಚ್ಚರವಾಗಿರುತ್ತದೆ.

ಎ-ಒಂದು ಒತ್ತಿದೆ. "ನಿಲ್ಲಿಸು." ಇಡೀ ಮಾತು. ನನ್ನ ಮಾತು. ಮೇಡಂ ಮುಂದೆ ಕಣ್ಣು ಒರೆಸಿಕೊಂಡೆ. ನಾಚಿಕೆ ಆಗಲಿಲ್ಲ.

ಮಾರ್ಚ್ ೧೭

ಫೇಲ್.

ಮಾರ್ಚ್ ೧೯, ಸಂಜೆ ೫

ಬರೆಯಲು ಮನಸ್ಸಿರಲಿಲ್ಲ. ಬರೆದುಬಿಡುತ್ತೇನೆ.

ಟೆಸ್ಟ್ ಇಷ್ಟೇ. ಗೋಡೆಯಾಚೆ, ಕ್ರೇನಿನವನಿಗೆ ಕಾಣದ ಕಡೆ, ಒಂದು ಖಾಲಿ ಡ್ರಮ್ಮು. ಕಬ್ಬಿಣದ ತೊಲೆ ಕೆಳಗಿಳಿಯುತ್ತದೆ. ಡ್ರಮ್ಮಿಗೆ ಗೇಣಾದರೂ ಮೇಲೆ ನಿಲ್ಲಬೇಕು. ಕೈಸನ್ನೆ ಅವನಿಗೆ ಕಾಣುವುದಿಲ್ಲ, ಕೇಳಿಸುವುದೊಂದೇ ದಾರಿ. ಮೇಲೆ ಕೂತಿದ್ದವನು ನನ್ನ ಹಳೇ ಜೊತೆಗಾರ. ಯಾರ್ಡಿನಲ್ಲಿ ಅವನಿಗೆ "ಮೇಲಿನವನು" ಅಂತಲೇ ಹೆಸರು. ಹದಿನೆಂಟು ವರ್ಷ ಅವನು ಮೇಲೆ, ನಾನು ಕೆಳಗೆ. ಸೇಫ್ಟಿ ಆಫೀಸರು ಟೀ ಲೋಟ ಹಿಡಿದು ನಿಂತಿದ್ದರು.

ಗುಂಡಿ ಒತ್ತಿದೆ. ಸಮಯಕ್ಕೆ ಸರಿಯಾಗಿ. ಮಾತು ಹೋಯಿತು, ಮೊದಲಕ್ಷರ ಸಮೇತ. ಎಮ್ಮೆ ಎಳ್ಳಷ್ಟೂ ತಪ್ಪಲಿಲ್ಲ. ಆದರೆ ತೊಲೆ ಇಳಿಯುತ್ತಲೇ ಬಂತು. ಡ್ರಮ್ಮು ತಟ್ಟೆಯಾಯಿತು.

ಮೇಲಿನವನು ಇಳಿದು ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು. "ಲೋ, ಅದು ನೀನೇನೋ? ಯಾರೋ ಬ್ಯಾಂಕಿಂದ ಫೋನ್ ಮಾಡಿ ಕೇಳ್ಕೊಂಡಂಗಿತ್ತಲ್ಲೋ! ನೀನು ನಿಲ್ಸು ಅಂದ್ರೆ ಮೊದ್ಲು ನನ್ನ ಕೈ ಕೇಳ್ತಿತ್ತು ಕಣೋ, ಕಿವಿ ಆಮೇಲೆ. ಇದನ್ನ ಕಿವಿ ಕೇಳ್ತು, ಕೈ ಕೇಳ್ಲಿಲ್ಲ."

ಅವನ ಮೇಲೆ ಸಿಟ್ಟು ಬರಲಿಲ್ಲ. ಸರಿಯಾಗಿಯೇ ಹೇಳಿದ. ತಪ್ಪು ನವೆಂಬರಿನದು. ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಮಂಚದ ಮೇಲೆ ಕೂತು ರೆಕಾರ್ಡ್ ಮಾಡಿದ್ದು. ಗಂಟಲು ಆಗಲೇ ಸುಡುತ್ತಿತ್ತು. ಎದುರಿಗೆ ಇವಳು, ಮಾತುಗಳ ಪಟ್ಟಿ ಹಿಡಿದುಕೊಂಡು. ಅವಳ ಮುಖ ನೋಡುತ್ತಲೇ ನೂರಹನ್ನೆರಡೂ ಹೇಳಿದ್ದು. ಆ ಮುಖ ನೋಡಿಕೊಂಡು ಯಾರಿಂದ ಕಿರುಚಲಾಗುತ್ತದೆ?

ಮತ್ತೆ ಕೂಗಿ ರೆಕಾರ್ಡ್ ಮಾಡೋಣವೆಂದರೆ ಕೂಗಲು ಏನಿದೆ. ವಾಲ್ಯೂಮ್ ಹೆಚ್ಚಿಸಿ ನೋಡಿದೆ. ಜೋರಾಗಿ ಕೇಳಿಕೊಂಡಂತಾಯಿತು, ಅಷ್ಟೇ.

೨೪ಕ್ಕೆ ಇನ್ನೊಂದು ಅವಕಾಶವಂತೆ. ಯಾಕೆ ಬೇಕೋ.

ಮಾರ್ಚ್ ೨೦, ಬೆಳಿಗ್ಗೆ ೯

ಏನಾಯಿತು ಎಂದು ಬೇಗ ಬರೆದಿಡಬೇಕು.

ಬೆಳಿಗ್ಗೆ ಎದ್ದವನೇ, ಇದೆಲ್ಲ ಸಾಕು, ಎಮ್ಮೆಯನ್ನು ಪೂರ್ತಿ ಅಳಿಸಿ ವಾಪಸ್ ಕೊಟ್ಟುಬಿಡೋಣ ಎಂದು ಕೂತೆ. "ಎಲ್ಲವನ್ನೂ ತೆಗೆದುಹಾಕಿ" ಅನ್ನುವ ತನಕ ಹೋದೆ. ಹಾಕಿದ ಡ್ರೈವರುಗಳು, ಜೋಡಿಸಿದ ಗುಂಡಿಗಳು, ಮೇಡಂ ಮಾಡಿದ್ದು, ಎಲ್ಲ ಹೋಗಲಿ. ಬೆರಳು ಎತ್ತಿದೆ. ಇವಳು ಬಾಗಿಲಲ್ಲಿ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದವಳು ಪರದೆ ನೋಡಿಬಿಟ್ಟಳು.

"ನಿಲ್ಸೀ!"

ಬೆರಳು ಗಾಳಿಯಲ್ಲೇ ನಿಂತಿತು. ನಾನು ನಿಲ್ಲಿಸಿದ್ದಲ್ಲ, ತಾನಾಗಿ ನಿಂತದ್ದು. ಹೊರಗೆ ಓಣಿಯಲ್ಲಿ ಯಾರದೋ ಸ್ಕೂಟರು ಕೀಚ್ ಅಂತ ಬ್ರೇಕು ಹಾಕಿತು.

ಚೀಟಿಯಲ್ಲಿ ಬರೆದೆ: ಇನ್ನೊಂದು ಸಲ ಕೂಗು.

"ಯಾಕೆ?"

ಬರೆದೆ. ಓದಿ ಕೆಂಪಾದಳು. "ಥೂ, ನಾನ್ಯಾಕೆ? ಅಷ್ಟು ಜನ ಗಂಡಸರ ಮಧ್ಯೆ ನನ್ನ ಕಿರುಚಾಟ ಹಾಕ್ತೀರಾ?" ಆದರೂ ಬಂದು ಮೈಕಿನ ಮುಂದೆ ಕೂತಳು. ಪುಣ್ಯಕ್ಕೆ ಮೈಕಿಗೆ ಡ್ರೈವರಿನ ತಕರಾರಿಲ್ಲ. ಸೆರಗು ಸರಿಮಾಡಿಕೊಂಡು, ಮೆತ್ತಗೆ, "ನಿಲ್ಸಿ" ಅಂದಳು. ಎಂಟು ಸಲ. ಎಂಟೂ ಮೆತ್ತಗೆ. ಬೇಕೆಂದಾಗ ಸಿಟ್ಟು ಬರುವುದಿಲ್ಲವಂತೆ! ಇಪ್ಪತ್ತೊಂಬತ್ತು ವರ್ಷ ಹಾಗಾದರೆ ಏನಿತ್ತು?

ರೆಕಾರ್ಡಿಂಗ್ ಓಡುತ್ತಿರುವಂತೆಯೇ ಎದ್ದು, ಒದ್ದೆ ಟವೆಲ್ಲು ತೆಗೆದುಕೊಂಡು, ಈಗಷ್ಟೇ ಒಗೆದ ಚಾದರ ಹಾಸಿದ್ದ ಹಾಸಿಗೆಯ ಕಡೆ ನಡೆದೆ.

ಬಂತು.

ಅದೇ ದಿನ, ಸಂಜೆ

ಎ-ಒಂದಕ್ಕೆ ಅವಳದನ್ನು ಕೂರಿಸಬೇಕು. ಅಂದರೆ ನನ್ನದನ್ನು ತೆಗೆಯಬೇಕು. ಅರ್ಧ ಗಂಟೆ ಹಾಗೇ ಕೂತೆ. ಹದಿನೇಳು ದಿನ ಈ ಎಮ್ಮೆಯ ಜೊತೆ ಗುದ್ದಾಡಿದ್ದು ನನ್ನ ಧ್ವನಿ ಯಾರ್ಡಿನಲ್ಲಿ ಕೇಳಲಿ ಎಂದು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ತೊಲೆಯ ಕೆಳಗೆ ಡ್ರಮ್ಮಿನ ಬದಲು ಒಬ್ಬ ಮನುಷ್ಯ ಇದ್ದಿದ್ದರೆ ಅಂತ ಯೋಚನೆ ಬಂತು.

ಬದಲಾಯಿಸಿದೆ. ಎರಡರಿಂದ ಆರರ ತನಕ ನಾನೇ. "ನಿಧಾನ", "ಎಡಕ್ಕೆ" ಅನ್ನಲು ಕಿರುಚಬೇಕಾಗಿಲ್ಲ.

ಮಾರ್ಚ್ ೨೪, ಮಧ್ಯಾಹ್ನ ೧೨.೩೦

ತೊಲೆ ಡ್ರಮ್ಮಿಗೆ ಎರಡು ಗೇಣು ಮೇಲೆ ಗಕ್ಕನೆ ನಿಂತು ತೂಗಾಡಿತು. ಸೇಫ್ಟಿ ಆಫೀಸರ ಟೀ ಲೋಟವೂ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತ್ತು.

ರೇಡಿಯೋದಲ್ಲಿ ಮೇಲಿನವನು, ತಗ್ಗಿದ ದನಿಯಲ್ಲಿ: "ಅತ್ತಿಗೆ ಬಂದಿದಾರೇನೋ?"

ಮೂರು ಸಲ ಮಾಡಿಸಿದರು. ಮೂರು ಸಲವೂ ನಿಂತಿತು. ಆಫೀಸರು ಫಾರಮ್ಮಿಗೆ ಸಹಿ ಹಾಕುತ್ತ, "ಧ್ವನಿ ಯಾರದು ಅಂತ ಒಂದು ಕಾಲಂ ಇದೆ," ಅಂದರು. ನಾನೇ ಪೆನ್ನು ಇಸಿದುಕೊಂಡು ಬರೆದೆ: ಹೆಂಡತಿ.

ಪಾಸ್! ನಾಳೆಯಿಂದ ಡ್ಯೂಟಿ.

ಮಾರ್ಚ್ ೨೯, ಭಾನುವಾರ ಬೆಳಿಗ್ಗೆ ೧೦

ನಾಲ್ಕು ದಿನದ ಡ್ಯೂಟಿ ಮುಗಿಯಿತು. ದಿನಾ ಸಂಜೆ ಇವಳದು ಒಂದೇ ಪ್ರಶ್ನೆ, "ಇವತ್ತು ಎಷ್ಟು ಸಲ ಕೂಗಿದೆ ನಾನು?" ನಿನ್ನೆ ಮೂವತ್ತೊಂದು. "ಪಾಪ, ಗಂಟಲು ನೋವಾಗಿರುತ್ತೆ," ಅಂತ ತಾನೇ ತನಗೆ ಟೀ ಮಾಡಿಕೊಂಡು ಕುಡಿದಳು.

ಯಾರ್ಡಿನವರು ಹೇಳಿದ್ದನ್ನು ಅವಳಿಗೆ ಬರೆದು ತೋರಿಸಿದ್ದೆ. ನನ್ನ "ನಿಧಾನ" ಕೇಳಿದರೆ ಅವರಿಗೆ ಈಗಲೂ ಗುರುತು ಹತ್ತುವುದಿಲ್ಲ. ಇದು ಇವನ ಧ್ವನಿಯೇ ಅಲ್ಲ ಅನ್ನುತ್ತಾರೆ.

"ಅವರಿಗೇನ್ರೀ ಗೊತ್ತು?" ಅಂದಳು. "ಇದು ಮನೇಲಿ ಮಾತಾಡೋ ಧ್ವನಿ. ನನ್ನತ್ರ ಮಾತಾಡೋದು." ಅಂದು ಒಳಗೆ ಹೋದಳು. ಸ್ವಲ್ಪ ಹೊತ್ತು ಬರಲಿಲ್ಲ.

ಈಗ ಮುಂದಿನ ಕೋಣೆಯ ಕಿಟಕಿಗೆ ಪರದೆಯ ಕಂಬಿ ಹಾಕುತ್ತಿದ್ದಾಳೆ. ನಾನು ಹಾಕುತ್ತೇನೆಂದರೆ ಬಿಡಲಿಲ್ಲ. ಸ್ಟೂಲ್ ಹತ್ತಿ, "ಅಲ್ಲೇ ಕೂತ್ಕೊಂಡು ಸಿಗ್ನಲ್ ಕೊಡಿ," ಅಂದಳು. ಎಮ್ಮೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. "ಎಡಕ್ಕೆ" ಒತ್ತಿದೆ. ಎಡಕ್ಕೆ ಸರಿಸಿದಳು. "ನಿಧಾನ." ನಿಧಾನಿಸಿದಳು. ಕಂಬಿ ಸರಿಯಾಗಿ ಕೂತಿತು, ನೂಲು ಹಿಡಿದಂತೆ.

ಕೆಳಗಿಳಿಯಲಿಲ್ಲ. ನನ್ನ ಕಡೆ ಬೆನ್ನು ಮಾಡಿಕೊಂಡೇ, ಬೇಕೆಂತಲೇ, ಬಲಕ್ಕೆ ಸರಿಸಿದಳು. ಒತ್ತಿದೆ — "ಎಡಕ್ಕೆ." ಸರಿಮಾಡಿದಳು. ಮತ್ತೆ ಬಲಕ್ಕೆ ತಳ್ಳಿದಳು. ಮತ್ತೆ ಒತ್ತಿದೆ. ಏಳು ಸಲ ಆಯಿತು. ಪೆನ್ನು ಹಿಡಿದದ್ದಕ್ಕೆ ಈಗ ಬೈಯುತ್ತಿದ್ದಾಳೆ, ಕಂಬಿ ಡೊಂಕಾಗಿದೆ ಕಾಣಲ್ವೇನ್ರೀ ಅಂತ. ಬರೆದದ್ದು ಸಾಕು, ಅವಳು ಇನ್ನೂ ಸ್ಟೂಲಿನ ಮೇಲೇ —